ಕರೆವ್ವನನ್ನು ಬೈದ ಸಮ್ಮೇಳನ

ಹೋದ ವಾರ ನಮ್ಮ ಓಣಿಯ ಸರಕಾರಿ ಶಾಲೆಗೆ ಸುಣ್ಣ ಹೊಡೆಯುತ್ತಿದ್ದರು. ನಾನು ದಿನಾ ಹಾಲು ತರಲು ಹೋಗುವ ದಾರಿ ಅದು. ಈಗೆಲ್ಲ ಡಬ್ಬಿಯ ಬಣ್ಣ ಬಂದಿರುವಾಗ ಸುಣ್ಣ ಯಾರು ಹೊಡೆಸುತ್ತಾರೆ ಎಂದು ನೀವು ಕೇಳಬಹುದು. ಸರಕಾರಿ ಶಾಲೆ ನೋಡಿ, ಅಲ್ಲಿ ಇನ್ನೂ ಸುಣ್ಣವೇ. ಆ ಹಸಿ ಸುಣ್ಣದ ತಂಪು ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಲಿನ ಪಾಕೀಟು ಕೈಯಲ್ಲಿ ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಏಣಿಯ ಮೇಲಿದ್ದವನು ಯಾರು ಬೇಕಾಗಿತ್ರಿ ಎಂದು ಕೇಳಿದ. ನನಗೆ ಬೇಕಾಗಿದ್ದವರಲ್ಲಿ ಒಬ್ಬಳು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಇನ್ನೊಬ್ಬಳು ಏಳು ಸಮುದ್ರದ ಆಚೆ ಇದ್ದಾಳೆ ಎಂದು ಏಣಿಯ ಮೇಲಿದ್ದವನಿಗೆ ಹೇಗೆ ಹೇಳಲಿ? ಯಾರೂ ಇಲ್ಲಪ್ಪಾ ಎಂದು ಮನೆಗೆ ಬಂದೆ. ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನು ಅವಸರವಿಲ್ಲವಷ್ಟೆ?

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಇಂಡಿ ಊರಿನ ಹುಡುಗ, ಬಿಜಾಪುರದಲ್ಲಿ ಬಿ.ಎ. ಕೊನೆಯ ವರ್ಷ, ಅದೂ ಇಂಗ್ಲಿಷ್ ಮೇಜರ್. ಆ ಕಾಲಕ್ಕೆ ನಮ್ಮ ಕಡೆ ಇಂಗ್ಲಿಷ್ ಮೇಜರ್ ತೆಗೆದುಕೊಂಡವನೆಂದರೆ ಓಣಿಯಲ್ಲಿ ಒಂದು ತೂಕ. ಯಾರ ಮನೆಗೆ ತಾರು ಬಂದರೂ ಓದಲು ನನ್ನನ್ನೇ ಕರೆಯುತ್ತಿದ್ದರು. ನನಗೂ ಸೊಕ್ಕು ಕಡಿಮೆ ಇರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದೆ. ಹೊರಗಿನಿಂದ ಕೇಳಿಸಿಕೊಂಡ ನಮ್ಮವ್ವ ಹುಡುಗನಿಗೆ ಗಾಳಿ ಬಡಿದಿದೆ ಎಂದು ನಿಂಬೆಹಣ್ಣು ಇಳಿಸಿ ಮೂರು ದಾರಿ ಕೂಡುವಲ್ಲಿ ಒಗೆದು ಬಂದಿದ್ದಳು. ಗಾಳಿಯೇನೋ ಬಡಿದಿತ್ತು, ಆದರೆ ಅದು ನಿಂಬೆಹಣ್ಣಿಗೆ ಇಳಿಯುವ ಜಾತಿಯದಲ್ಲ.

ಇನ್ನು ಕುಲಕರ್ಣಿ ಮಾಸ್ತರರ ಬಗ್ಗೆ ಹೇಳಬೇಕು. ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿಗೆ ಅವರು ಹೆಡ್ ಮಾಸ್ತರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಪತ್ರ ಬರೆಯಲು ಕುಳಿತರೆ ಇಂಗ್ಲಿಷ್. ಬೇರೆ ಬೇರೆ ದೇಶದ ಕಾಲೇಜು ಹುಡುಗ ಹುಡುಗಿಯರನ್ನು ಇನ್ನೊಂದು ದೇಶದ ಮನೆಗಳಲ್ಲಿ ಎಂಟು ತಿಂಗಳು ಮನೆಯ ಮಕ್ಕಳ ಹಾಗೆ ಇಡುವ ಸಂಸ್ಥೆಯೊಂದಿತ್ತು. ಅದರ ವಿಳಾಸ ಮಾಸ್ತರರಿಗೆ ಎಲ್ಲಿ ಸಿಕ್ಕಿತೋ ದೇವರಿಗೇ ಗೊತ್ತು. ನಿಮ್ಮ ಮಕ್ಕಳು ಮುಂಬೈ, ಪುಣೆ ನೋಡಿ ಭಾರತ ನೋಡಿದೆವು ಅನ್ನುತ್ತಾರೆ, ನಮ್ಮ ಹಳ್ಳಿಗೂ ನಾಲ್ಕು ಮಂದಿಯನ್ನು ಕಳಿಸಿ ಎಂದು ಅವರು ವರ್ಷಗಟ್ಟಲೆ ಬರೆದರು. ಅವರ ಕಾಟ ತಾಳಲಾರದೆಯೋ ಏನೋ, ಒಂದು ವರ್ಷ ನಿಜವಾಗಿಯೂ ಕಳಿಸಿದರು. ಇಂಡಿ ತಾಲೂಕಿನ ಹಲಸಂಗಿಗೆ ಒಬ್ಬ ಜರ್ಮನ್ ಹುಡುಗ, ಸಿಂದಗಿ ತಾಲೂಕಿನ ಮೋರಟಗಿಗೆ ಒಬ್ಬ ಜಪಾನಿ, ಮುದ್ದೇಬಿಹಾಳದ ವಕೀಲರ ಮನೆಗೆ ಕೆನಡಾದ ಹುಡುಗಿ, ಬಾಗೇವಾಡಿ ತಾಲೂಕಿನ ಗೊಳಸಂಗಿಗೆ ಡೆನ್ಮಾರ್ಕಿನ ಕಾರಿನ್. ಆ ಗೊಳಸಂಗಿಯ ಮನೆ ನಮ್ಮ ದೊಡ್ಡವ್ವನದು.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಗೌರವ್ವ. ದೊಡ್ಡಪ್ಪ ಮಾತು ಕಡಿಮೆಯ ಒಕ್ಕಲಿಗ. ಹೊಲ, ಎತ್ತು, ಮನೆ, ಇಷ್ಟೇ ಅವನ ಲೋಕ. ಅವರಿಗಿದ್ದ ಒಬ್ಬಳೇ ಮಗಳು ಕಾಶವ್ವ ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಆಮೇಲೆ ಆ ಮನೆಯಲ್ಲಿ ಮಕ್ಕಳ ಸದ್ದಿರಲಿಲ್ಲ. ಮಾಸ್ತರು ಬಂದು ಒಂದು ಹುಡುಗಿಯನ್ನು ಇಟ್ಟುಕೊಳ್ಳುತ್ತೀರೇನು ಎಂದು ಕೇಳಿದಾಗ ದೊಡ್ಡವ್ವ ಯಾವ ದೇಶ, ಯಾವ ಜಾತಿ ಎಂದು ಕೇಳಲಿಲ್ಲವಂತೆ. ಜೋಳದ ರೊಟ್ಟಿ ತಿನ್ನುತ್ತಾಳೋ ಇಲ್ಲವೋ ಎಂದಷ್ಟೇ ಕೇಳಿದಳಂತೆ.

ಹುಡುಗಿ ಬಂದಳು. ಹಾಲಿನಂಥ ಬಿಳುಪು, ಆರಡಿಗೆ ಒಂದಿಷ್ಟು ಕಡಿಮೆ ಎತ್ತರ. ಗೊಳಸಂಗಿಯ ಮಾಳಿಗೆ ಮನೆಯ ಬಾಗಿಲುಗಳೆಲ್ಲ ನಮ್ಮಂಥವರ ಅಳತೆಗೆ ಮಾಡಿಸಿದವು. ಮೊದಲ ತಿಂಗಳು ಅವಳು ದಿನಕ್ಕೆ ಎರಡು ಸಲವಾದರೂ ಹಣೆ ಬಡಿಸಿಕೊಳ್ಳುತ್ತಿದ್ದಳು. ಕಾರಿನ್ ಎಂಬುದು ಊರಿನವರ ನಾಲಿಗೆಗೆ ಹೊಂದಲಿಲ್ಲ, ಎಂಟು ದಿನದಲ್ಲಿ ಕರೆವ್ವ ಆದಳು. ನಮ್ಮ ಕಡೆ ಕರೆವ್ವ ಎಂಬ ಹೆಸರಿನ ಹೆಂಗಸರು ಬೇಕಾದಷ್ಟಿದ್ದಾರೆ, ಆದರೆ ಇಷ್ಟು ಬೆಳ್ಳಗಿನ ಕರೆವ್ವನನ್ನು ಯಾರೂ ನೋಡಿರಲಿಲ್ಲ. ಅವಳು ಕನ್ನಡ ಕಲಿತದ್ದೂ ಪುಸ್ತಕದಿಂದಲ್ಲ, ದೊಡ್ಡವ್ವನ ಬೈಗುಳದಿಂದ. ಏಳು, ಉಣ್ಣು, ತಲೆ ಬಗ್ಗಿಸು, ಹಿಟ್ಟು ಚೆಲ್ಲಬೇಡ, ಹೀಗೆ. ನಾನು ರಜೆಯಲ್ಲಿ ಎರಡು ಸಲ ಹೋಗಿದ್ದೆ. ಇಂಗ್ಲಿಷಿನಲ್ಲಿ ಮಾತಾಡಿಸಿ ಮೆಚ್ಚುಗೆ ಗಳಿಸೋಣ ಎಂದು ಬಾಯಿ ತೆರೆದರೆ ಅವಳು, ‘ಕನ್ನಡದಾಗ ಮಾತಾಡು ತಮ್ಮಾ’ ಎಂದುಬಿಟ್ಟಳು. ನನಗಿಂತ ಆರು ತಿಂಗಳು ಸಣ್ಣವಳು ಬೇರೆ!

ಎಲ್ಲ ಚೆನ್ನಾಗಿಯೇ ನಡೆದಿತ್ತು, ಒಂದು ಚೇಳು ಕಡಿಯುವವರೆಗೆ. ತೊಗರಿ ಕಟ್ಟಿಗೆಯ ರಾಶಿಯೊಳಗೆ ಕೈ ಹಾಕಿದ್ದಳು, ಕರಿಚೇಳು. ಬಾಗೇವಾಡಿಯ ಡಾಕ್ಟರು ಬಂದು ಸೂಜಿ ಹಾಕಿದರು, ಕೈ ಬಾತು ಮೂರು ದಿನ ಮಲಗಿದಳು, ನಾಲ್ಕನೆಯ ದಿನ ಎದ್ದು ಓಡಾಡಿದಳು. ನಮ್ಮ ಕಡೆ ಚೇಳು ಕಡಿಸಿಕೊಳ್ಳದವರು ಯಾರಿದ್ದಾರೆ? ಆದರೆ ಅವಳು ಅದನ್ನು ತಮಾಷೆಯಾಗಿ ತಂದೆತಾಯಿಗೆ ಬರೆದಳು, ಅವರು ಹೌಹಾರಿ ಸಂಸ್ಥೆಗೆ ಬರೆದರು. ಮನೆಯೊಳಗೇ ದನ ಕಟ್ಟುತ್ತಾರೆ, ಪಾಯಖಾನೆ ಇಲ್ಲ, ಚೇಳು ಬೇರೆ. ಹುಡುಗಿಯನ್ನು ಅಲ್ಲಿಯೇ ಬಿಡುವುದೋ ಪುಣೆಯ ಒಂದು ಒಳ್ಳೆಯ ಮನೆಗೆ ಸಾಗಿಸುವುದೋ ಎಂಬ ಪ್ರಶ್ನೆ ಎದ್ದಿತು. ಇನ್ನೂ ನಾಲ್ಕು ತಿಂಗಳು ಉಳಿದಿತ್ತು. ಸಂಸ್ಥೆಯ ದೊಡ್ಡ ಮೇಡಮ್ ಸ್ವತಃ ಬರುತ್ತಾರೆ, ಬಾಗೇವಾಡಿಯಲ್ಲಿ ಸಮ್ಮೇಳನ ನಡೆಯುತ್ತದೆ, ಅಲ್ಲಿಯೇ ಇದನ್ನೂ ತೀರ್ಮಾನಿಸುತ್ತಾರೆ ಎಂದು ಪತ್ರ ಬಂತು.

ಸಮ್ಮೇಳನ! ಅಂತರರಾಷ್ಟ್ರೀಯ ಸಮ್ಮೇಳನ, ಅದೂ ಬಾಗೇವಾಡಿಯಲ್ಲಿ! ಮಾಸ್ತರು ಶಾಲೆಗೆಲ್ಲ ಸುಣ್ಣ ಹೊಡೆಸಿದರು. ಹಿಂದಿನ ದಿನ ಸಂಜೆ ಹೊಡೆದು ಮುಗಿಸಿದ್ದು, ಒಣಗಿರಲೇ ಇಲ್ಲ. ಮುಂಜಾನೆ ಹತ್ತು ಗಂಟೆಯ ಹೊತ್ತಿಗೆ ಗೋಡೆಗೆ ಒರಗಿದ ಜರ್ಮನಿ, ಜಪಾನು, ಮುಂಬೈ, ಮುದ್ದೇಬಿಹಾಳ ಎಲ್ಲರ ಬೆನ್ನೂ ಒಂದೇ ಬಿಳುಪಾಗಿತ್ತು. ಊರಿನ ಸಿಂಪಿಗ ಪುಸ್ತಕದ ಚಿತ್ರ ನೋಡಿ ಎಲ್ಲ ದೇಶದ ಬಾವುಟ ಹೊಲಿದಿದ್ದ. ಜಪಾನಿನ ಸೂರ್ಯನನ್ನು ಉಣ್ಣುವ ತಾಟು ಇಟ್ಟು ಗೆರೆ ಎಳೆದು ಕತ್ತರಿಸಿದ್ದಂತೆ. ಅವನು ಆ ದಿನ ಅಂಗಡಿ ತೆರೆಯಲಿಲ್ಲ, ಬಾವುಟದ ಕೆಳಗೇ ನಿಂತಿದ್ದ. ಹೊರಗೆ ಬಿಟ್ಟ ವಿದೇಶೀ ಬೂಟುಗಳನ್ನು ನೋಡಲೆಂದೇ ಒಂದು ಗುಂಪು ಸೇರಿತ್ತು. ಮೋರಟಗಿಯ ಜಪಾನಿ ಹುಡುಗ ಶಾಲೆಯ ಸಿಪಾಯಿಗೆ ಬಗ್ಗಿ ನಮಸ್ಕಾರ ಮಾಡಿದ. ಸಿಪಾಯಿ ಅವನಿಗಿಂತ ಬಗ್ಗಿದ. ಹುಡುಗ ಇನ್ನೂ ಬಗ್ಗಿದ. ಯಾರೋ ಬಂದು ಇಬ್ಬರ ಭುಜ ಹಿಡಿದು ನೆಟ್ಟಗೆ ನಿಲ್ಲಿಸಬೇಕಾಯಿತು.

ನನಗೆ ಎದೆಯ ಮೇಲೆ ‘ದುಭಾಷಿ’ ಎಂದು ಬರೆದ ರಿಬ್ಬನ್ನಿನ ಹೂವು ಚುಚ್ಚಿದ್ದರು. ಟೆರಿಲೀನ್ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು. ಸುಳ್ಳು ಯಾಕೆ ಹೇಳಲಿ, ಆ ಸಭಾಗೃಹದ ಬಾಗಿಲಲ್ಲಿ ನಿಂತು ಒಳಗೆ ನೋಡಿದಾಗ ನನ್ನ ಮೈ ಜುಮ್ಮೆಂದಿತು. ಭೂಗೋಳದ ಪುಸ್ತಕದಲ್ಲಿ ಬಣ್ಣಬಣ್ಣದ ಚುಕ್ಕೆಗಳಾಗಿದ್ದ ದೇಶಗಳು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನಮ್ಮ ರೈತರ ಮಗ್ಗುಲಿಗೆ ಹುರಿದ ಎಳೆಜೋಳದ ಸೀತನಿ ತಿನ್ನುತ್ತಿದ್ದವು. ಲೋಕ ಇಷ್ಟು ದೊಡ್ಡದಿದೆ, ಅದು ಎದ್ದು ನಮ್ಮ ಬಾಗೇವಾಡಿಗೆ ಬಂದಿದೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಹತ್ತೊಂಬತ್ತರ ವಯಸ್ಸು. ಆ ವಯಸ್ಸಿನ ಬೆರಗು ಆಮೇಲೆ ವಿಮಾನ ಹತ್ತಿದಾಗಲೂ ಬರಲಿಲ್ಲ.

ಹನ್ನೊಂದು ಗಂಟೆಗೆ ಒಂದೊಂದೇ ಮನೆಯವರನ್ನು ಪಕ್ಕದ ವರ್ಗದ ಕೋಣೆಗೆ ಕರೆದು ಮಾತಾಡಿಸತೊಡಗಿದರು. ವಿದ್ಯಾರ್ಥಿಗಳು ಆಗ ದೊಡ್ಡ ಸಭಾಗೃಹದಲ್ಲಿದ್ದರು. ಕೋಣೆಯಲ್ಲಿ ಬೆಳ್ಳಿಕೂದಲಿನ ಎತ್ತರದ ದೊಡ್ಡ ಮೇಡಮ್, ಮುಂಬೈಯವರೊಬ್ಬರು, ಪುಣೆಯವರೊಬ್ಬರು. ಮಾಸ್ತರು ಅಡುಗೆಯ ಮೇಲ್ವಿಚಾರಣೆಗೆ ಹೋಗಿದ್ದರು, ದುಭಾಷಿಯಾಗಿ ನಾನೊಬ್ಬನೇ. ದೊಡ್ಡವ್ವ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದಳು. ಕುರ್ಚಿ ತೋರಿಸಿದರೆ ಬೇಡವೆಂದು ನೆಲಕ್ಕೆ ಕುಳಿತಳು. ಮೇಡಮ್ ಅವಳನ್ನೊಮ್ಮೆ ನೋಡಿ, ತಾವೂ ಕುರ್ಚಿಯಿಂದ ಇಳಿದು ಉದ್ದ ಕಾಲು ಮಡಚಿಕೊಂಡು ನೆಲದ ಮೇಲೆ ಅವಳ ಎದುರಿಗೆ ಕುಳಿತರು. ಬಾಗಿಲು ಕಿಟಕಿಗಳಲ್ಲೆಲ್ಲ ಹೆಂಗಸರ ಮುಖ. ಮೇಡಮ್ ಕೇಳಿದ ಪ್ರಶ್ನೆ ಸರಳವಾಗಿತ್ತು: ಕಾರಿನ್ ಎಂಥ ಹುಡುಗಿ, ಮನೆಯಲ್ಲಿ ಹೇಗಿದ್ದಾಳೆ?

ದೊಡ್ಡವ್ವ ಒಮ್ಮೆ ಬಾಗಿಲ ಕಡೆ, ಒಮ್ಮೆ ಕಿಟಕಿಯ ಕಡೆ ನೋಡಿದಳು. ಆಮೇಲೆ ಶುರುಮಾಡಿದಳು.

‘ಏನ್ ಹೇಳಲ್ರಿ ಬಾಯಾರ. ಕೆಲಸಗಳ್ಳಿ ಅದಾಳ್ರಿ. ಮುಂಜಾನೆ ಏಳ ಅಂದ್ರ ಏಳೂದಿಲ್ಲ. ರೊಟ್ಟಿ ಬಡಿಯಾಕ ಕುಂತಳಂದ್ರ ಹಿಟ್ಟೆಲ್ಲಾ ಹಾಳು. ಜ್ವಾಳದ ದಂಟಿನಂಗ ಉದ್ದಕ ಬೆಳದಾಳ, ಬುದ್ಧಿ ಒಂದ ಬೆಳದಿಲ್ಲ. ಮಾರಿನೂ ಅಷ್ಟಕ್ಕಷ್ಟ. ನನಗ ಸಾಕಾಗೇತ್ರಿ. ಯಾವಾಗ ಹೋಗತಾಳೋ ಅಂತ ದಾರಿ ಕಾಯಾಕತ್ತೇನಿ.’

ಕಿಟಕಿಯ ಹೆಂಗಸರೆಲ್ಲ ಹೌದೌದು ಎಂದು ತಲೆದೂಗಿದರು. ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಕಡೆಯವರು ನೀವಾದರೆ ನಿಮಗೂ ಕಾಣುವುದಿಲ್ಲ. ನಾಲ್ಕು ಮಂದಿಯ ಮುಂದೆ ಮನೆಯ ಮಕ್ಕಳನ್ನು ಯಾವ ತಾಯಿ ಹೊಗಳುತ್ತಾಳೆ? ಹೊಗಳಿದರೆ ನೆದರು, ಎಂದರೆ ದೃಷ್ಟಿ, ತಾಗುವುದಿಲ್ಲವೆ? ಅವರ ಮೇಲೆ ಎಷ್ಟು ಜೀವವಿದೆಯೋ ಅಷ್ಟು ಬೈಯಬೇಕು. ದೊಡ್ಡವ್ವ ಅಷ್ಟು ಉದ್ದ ಬೈದಳೆಂದರೆ ಅದರ ಅರ್ಥ ನನ್ನ ಕಿವಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಾಗದೆ ಹೋದದ್ದು ನನ್ನ ಬಾಯಿಗೆ. ನನ್ನ ಬಾಯಿ ಆಗ ಇಂಗ್ಲಿಷಿನ ಮದುಮಗ. ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ, ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿದೆ. ಕೆಲಸಗಳ್ಳಿ ಎಂಬುದಕ್ಕೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಒಂದು ಭಾರಿ ಶಬ್ದ ಹಾಕಿದೆ. ಎರಡು ವರ್ಷದಿಂದ ಅದನ್ನು ಬಳಸಲು ಸಂದರ್ಭವೇ ಸಿಕ್ಕಿರಲಿಲ್ಲ. ಮೇಡಮ್ ಹುಬ್ಬೇರಿಸಿದರು. ನನ್ನ ಇಂಗ್ಲಿಷಿಗೆ ಬೆರಗಾಗಿದ್ದಾರೆ ಅಂದುಕೊಂಡೆ.

ಅವರು ಬಹಳ ಹೊತ್ತು ಏನೋ ಬರೆದುಕೊಂಡರು. ಹಾಗಾದರೆ ಹುಡುಗಿಯನ್ನು ಬೇರೆ ಕಡೆ ಕಳಿಸಿದರೆ ನಿಮ್ಮ ಅಭ್ಯಂತರವಿಲ್ಲವೆ ಎಂದು ಮೆತ್ತಗೆ ಕೇಳಿದರು. ನಾನು ಕೇಳಿದೆ. ದೊಡ್ಡವ್ವನ ಮುಖ ಒಂದು ಕ್ಷಣ ಬಾಡಿತು. ಆದರೆ ಅಷ್ಟು ದೂರದಿಂದ ಬಂದ ಅತಿಥಿಯ ಎದುರಿಗೆ ಇಲ್ಲ ಅನ್ನುವುದುಂಟೆ? ನೀವು ದೊಡ್ಡವರು, ನೀವು ಹೇಳಿದಂತೆ ಎಂದು ಕೈ ಮುಗಿದಳು. ಅದನ್ನೂ ಅಚ್ಚುಕಟ್ಟಾಗಿ ಅನುವಾದ ಮಾಡಿದೆ.

ಊಟಕ್ಕೆ ಕುಳಿತೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗೋಧಿ ಹುಗ್ಗಿ. ಎರಡನೆಯ ರೊಟ್ಟಿಯಲ್ಲಿದ್ದೆ. ಕುಲಕರ್ಣಿ ಮಾಸ್ತರು ಹುಗ್ಗಿಯ ಸವಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನನ್ನೆದುರು ನಿಂತರು. ಕಾರಿನ್ ಇವತ್ತೇ ಸಂಜೆ ತಮ್ಮ ಜೊತೆ ಪುಣೆಗೆ ಬರುತ್ತಾಳೆಂದು ಪುಣೆಯವರು ಅವರಿಗೆ ಮರಾಠಿಯಲ್ಲಿ ಹೇಳಿದ್ದರಂತೆ. ಮನೆಯಾಕೆಗೇ ಅವಳು ಬೇಡವಾಗಿದ್ದಾಳೆ ಎಂದರಂತೆ. ಒಳಗೆ ಏನು ಹೇಳಿದೆ ಎಂದು ಮಾಸ್ತರು ಕೇಳಿದರು. ನಾನು ಹೆಮ್ಮೆಯಿಂದ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ, ಆ ಭಾರಿ ಶಬ್ದದ ಸಮೇತ.

ಮಾಸ್ತರು ಸವಟನ್ನು ಕೆಳಗಿಳಿಸಿದರು. ‘ಅಲ್ಲೋ ಶಾಣ್ಯಾ, ನಿಮ್ಮವ್ವ ಮಂದಿ ಮುಂದ ನಿನ್ನ ಏನಂತಾಳ?’

‘ದಡ್ಡ ಅಂತಾಳ್ರಿ. ಭೂಮಿಗಿ ಭಾರ ಅಂತಾಳ್ರಿ.’

‘ಅದನ್ನ ಯಾರರೆ ಇಂಗ್ಲಿಷಿನಾಗ ಬರದು ನಿಮ್ಮ ಕಾಲೇಜಿಗಿ ಕಳಿಸಿದ್ರ?’

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟುಬಿಟ್ಟೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಗಳಿಗೆ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಬಾರದಿರಲಿ. ಸುತ್ತಲಿನ ಗದ್ದಲವೆಲ್ಲ ಎಲ್ಲೋ ದೂರ ಹೋಯಿತು. ನಾನೇ, ನನ್ನ ಕೈಯಾರೆ, ಮಗಳಿಲ್ಲದ ದೊಡ್ಡವ್ವನಿಗೆ ದಕ್ಕಿದ ಮಗಳನ್ನೂ ಕಿತ್ತುಕೊಟ್ಟಿದ್ದೆ. ಮಾಸ್ತರು ಮೇಡಮ್ಮರ ಹತ್ತಿರ ಓಡಿದರು. ಮೇಡಮ್ ಕಠಿಣ ಮನಸ್ಸಿನವರಲ್ಲ, ಆದರೆ ಕಾಗದದ ಮನುಷ್ಯರು: ಹುಡುಗಿಯ ತಂದೆತಾಯಿಗೆ ನಾನು ಉತ್ತರ ಕೊಡಬೇಕು, ಆ ತಾಯಿಯೇ ಆಡಿದ ಮಾತು ಇಲ್ಲಿ ಬರೆದಿದೆ, ಅದನ್ನು ನೀವು ತಿದ್ದಿದರೆ ಆಗದು. ಮೂರು ಗಂಟೆಗೆ ಕೊನೆಯ ಸಭೆಯಿದೆ, ಆಕೆ ತಾನೇ ಎದ್ದು ಎಲ್ಲರ ಮುಂದೆ ಹುಡುಗಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲಿ, ಸಾಕು ಎಂದರು. ಒಂದೇ ಒಂದು ಒಳ್ಳೆಯ ಮಾತು. ಮಾಸ್ತರು ನನ್ನ ಕಡೆ ತಿರುಗಿ ಹೋಗು ಎಂದು ಕೈ ಮಾಡಿದರು.

ದೊಡ್ಡವ್ವ ಬೇವಿನ ಗಿಡದ ನೆರಳಲ್ಲಿ ಒಬ್ಬಳೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಹೋಗಿ ಕಾಲ ಹತ್ತಿರ ಕುಳಿತು ಎಲ್ಲ ಹೇಳಿದೆ. ತಪ್ಪು ನನ್ನದೇ ಎಂದೆ. ಬೈಯುತ್ತಾಳೆ, ಎರಡು ಏಟು ಹಾಕುತ್ತಾಳೆ ಅಂದುಕೊಂಡಿದ್ದೆ, ಹಾಕಿದ್ದರೆ ಚೆನ್ನಾಗಿತ್ತು. ಅವಳು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಹಾಗೆಯೇ ಹಿಡಿದುಕೊಂಡು ಕುಳಿತಳು. ಇನ್ನೇನೂ ಕೆಟ್ಟಿಲ್ಲ, ಹುಡುಗಿ ಒಳ್ಳೆಯವಳು, ನಮ್ಮ ಮನೆಯಲ್ಲೇ ಇರಲಿ ಎಂದು ಒಂದು ಮಾತು ಎಲ್ಲರ ಮುಂದೆ ಹೇಳಿಬಿಡು ಎಂದು ಗೋಗರೆದೆ.

‘ಕಾಶವ್ವನ ಕೂದಲಾ ನೆನಪೈತೇನು ನಿನಗ?’ ಎಂದಳು.

ನೆನಪಿತ್ತು. ಮೊಳಕಾಲಿಗೆ ಬರುವ ಕೂದಲು. ಅವಳು ಓಡಿದರೆ ಜಡೆ ಹಿಂದೆ ಹಿಂದೆ ಹಾರುತ್ತಿತ್ತು.

‘ಒಂದ ಮದವ್ಯಾಗ ನಾನ ಅಂದ್ನಿ. ನಮ್ಮ ಕಾಶಿ ಕೂದಲಾ ನೋಡ್ರಿ, ಸುತ್ತ ಹತ್ತ ಊರಾಗ ಯಾರಿಗೈತಿ ಅಂದ್ನಿ. ಎಂಟ ದಿನಕ್ಕ ಜ್ವರಾ ಬಂತು.’

ನಾನು ಬಿ.ಎ. ಹುಡುಗ ನೋಡಿ, ಅದು ವಿಷಮಶೀತಜ್ವರ ದೊಡ್ಡವ್ವಾ, ನೀರಿನಿಂದ ಬರುತ್ತದೆ, ಮಾತಿನಿಂದಲ್ಲ ಎಂದೆ. ಅವಳು ಒಪ್ಪಿಕೊಂಡಳು. ಡಾಕ್ಟರೂ ಹಾಗೆಯೇ ಹೇಳಿದ್ದರು, ಇರಬಹುದು ಎಂದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಕರೆವ್ವನಿಗೆ ಚೇಳು ಕಡಿದ ಹಿಂದಿನ ದಿನ, ಮಗ್ಗುಲ ಮನೆಯವಳ ಮುಂದೆ ಬಾಯಿ ತಪ್ಪಿ ಹುಡುಗಿ ಬಂಗಾರದಂಥದ್ದು ಎಂದುಬಿಟ್ಟಿದ್ದಳಂತೆ. ಅದನ್ನು ಈವರೆಗೆ ದೊಡ್ಡಪ್ಪನಿಗೂ ಹೇಳಿರಲಿಲ್ಲವಂತೆ.

‘ಎರಡ ಸಲ ನನ್ನ ಬಾಯಿಂದನ ಆಗೇತಿ. ಮೂರನೇ ಸಲ ಬ್ಯಾಡೋ ಯಪ್ಪಾ. ಪುಣೆಕ್ಕ ಹೋಗಲಿ. ಎಲ್ಲೆರ ಇರಲಿ, ಇರಲಿ ಅಷ್ಟ.’

ಎಲೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಎದ್ದು ಹೋದಳು. ನಾನು ಮುಂಜಾನೆ ಬಾಗಿಲಲ್ಲಿ ನಿಂತು ಲೋಕ ದೊಡ್ಡದು ಎಂದು ಬೆರಗಾದವನು. ಈಗ ಅದಕ್ಕಿಂತ ದೊಡ್ಡದೊಂದು ನನ್ನ ಮುಂದಿನಿಂದ ಎದ್ದು ಹೋದಂತಾಯಿತು. ಒಂದು ಮಾತು ಆಡಿದರೆ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಹುಡುಗಿಗೆ ಏನೂ ಆಗಬಾರದೆಂದು ಆ ಒಂದು ಮಾತನ್ನು ನುಂಗಿಕೊಂಡು ಅವಳನ್ನು ಬಿಟ್ಟುಕೊಡುವವಳು ಇವಳು. ಅವಳ ನಂಬಿಕೆಗೆ ನನಗೆ ಆಗ ನಗು ಬರಬೇಕಿತ್ತು, ಅಷ್ಟು ಓದಿದ್ದೆ. ಬರಲಿಲ್ಲ.

ಮೂರು ಗಂಟೆಗೆ ಸಭೆ ಸೇರಿತು. ಮೇಡಮ್ ಎಲ್ಲ ಮನೆಯವರಿಗೂ ಕೃತಜ್ಞತೆ ಹೇಳಿ, ಕೊನೆಗೆ ದೊಡ್ಡವ್ವನ ಕಡೆ ನೋಡಿ, ನಿಮಗೇನಾದರೂ ಹೇಳುವುದಿದೆಯೆ ಎಂದು ಕೇಳಿದರು. ದೊಡ್ಡವ್ವ ತಲೆ ಅಲ್ಲಾಡಿಸಿದಳು. ಮೇಡಮ್ ಕಾಗದ ತೆಗೆದು ಓದಿದರು: ಕಾರಿನ್ ಉಳಿದ ನಾಲ್ಕು ತಿಂಗಳು ಪುಣೆಯಲ್ಲಿರುತ್ತಾಳೆ. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನನ್ನ ಕನ್ನಡ ಅಷ್ಟು ತಡವರಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ವಿದ್ಯಾರ್ಥಿಗಳ ಸಾಲಿನಿಂದ ಕಾರಿನ್ ಎದ್ದಳು. ಅವಳ ಮುಖ ಗೋಡೆಯ ಸುಣ್ಣಕ್ಕಿಂತ ಬೆಳ್ಳಗಾಗಿತ್ತು. ನೆಟ್ಟಗೆ ನನ್ನ ಹತ್ತಿರ ಬಂದು, ಮೈಕಿಗೆ ಕೇಳಿಸದ ಹಾಗೆ, ದೊಡ್ಡವ್ವ ನನ್ನ ಬಗ್ಗೆ ಏನಂದಳು ಎಂದು ಕನ್ನಡದಲ್ಲಿ ಕೇಳಿದಳು. ಅವಳೂ ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದಳು, ನನ್ನಿಂದ ಕಲಿತದ್ದು. ನಾನು ಹೇಳಿದೆ, ದೊಡ್ಡವ್ವನ ಮಾತುಗಳಲ್ಲೇ, ಒಂದೂ ಬಿಡದೆ. ಕೆಲಸಗಳ್ಳಿ. ಹಿಟ್ಟೆಲ್ಲಾ ಹಾಳು. ಜ್ವಾಳದ ದಂಟು. ದಾರಿ ಕಾಯಾಕತ್ತೇನಿ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

‘ಅಲ್ಲೆ ಎಷ್ಟ ಮಂದಿ ಇದ್ರು?’ ಎಂದು ಕೇಳಿದಳು.

ಕೋಣೆ ತುಂಬ, ಕಿಟಕಿ ತುಂಬ ಮಂದಿ ಎಂದೆ. ಅವಳ ಮುಖಕ್ಕೆ ಬಣ್ಣ ಮರಳಿ ಬಂತು. ಹೌದಾ ಎಂದು ತಲೆಯಾಡಿಸಿದಳು. ಹುಟ್ಟಿ ಹತ್ತೊಂಬತ್ತು ವರ್ಷ ಈ ನೆಲದ ಅನ್ನ ತಿಂದ ನನ್ನ ಬಾಯಿಗೆ ತಿಳಿಯದ್ದು, ನಾಲ್ಕು ತಿಂಗಳು ರೊಟ್ಟಿ ತಿಂದ ಅವಳಿಗೆ ತಿಳಿದಿತ್ತು. ಮೈಕು ತನ್ನ ಎತ್ತರಕ್ಕೆ ಎಳೆದುಕೊಂಡಳು. ಅದು ಒಮ್ಮೆ ಕುಂಯ್ ಎಂದಿತು. ತಡೆತಡೆದು, ಆದರೆ ಗೊಳಸಂಗಿಯ ರಾಗದಲ್ಲೇ ಮಾತಾಡಿದಳು.

‘ನಮಸ್ಕಾರ್ರಿ. ನಮ್ಮ ದೊಡ್ಡವ್ವ ಬಾಳ ಕೆಟ್ಟಾಕಿ ಅದಾಳ್ರಿ. ದಿನಾ ಬೈತಾಳ. ಹೊಟ್ಟಿ ತುಂಬೇತಿ ಅಂದ್ರ ಕೇಳೂದಿಲ್ಲ, ಮತ್ತೊಂದ ರೊಟ್ಟಿ ಹಾಕತಾಳ. ಚೇಳ ಕಡದಾಗ ಮೂರ ದಿನ ಕೈ ಹಿಡಕೊಂಡ ಕುಂತು ನನ್ನ ಆರಾಮ ಮಲಗಾಕ ಬಿಡಲಿಲ್ಲ. ಆಕಿ ಮಾರಿನೂ ಚಂದಿಲ್ಲ. ನನಗೂ ಸಾಕಾಗೇತಿ. ಆದ್ರ ಇನ್ನೂ ನಾಕ ತಿಂಗಳ ಐತಿ. ಏನ್ ಮಾಡೂದು, ನಮ್ಮ ಹಣೇಬಾರ. ಇರತೇನಿ.’

ಮುಂಬೈ, ಪುಣೆಯವರು ಮುಖ ಮುಖ ನೋಡಿಕೊಂಡರು. ಹೆಂಗಸರ ಕಡೆ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು, ಇನ್ನೊಬ್ಬಳು ಕಣ್ಣಿಗೆ. ದೊಡ್ಡವ್ವ ಎದ್ದು ನಿಂತಿದ್ದಳು. ಬಾಯಿ ನೋಡ್ರಿ ಈಕಿದು, ಬಾಯಿ ನೋಡ್ರಿ ಎಂದು ಎಲ್ಲರಿಗೂ ಹೇಳುತ್ತ, ಅಳುತ್ತ, ದೂರದಿಂದಲೇ ಹುಡುಗಿಯ ಕಡೆಗೆ ಎರಡೂ ಕೈ ಚಾಚಿ, ಆ ಬೆರಳುಗಳನ್ನು ತನ್ನ ಕಪಾಳಕ್ಕೆ ಒತ್ತಿ, ದೃಷ್ಟಿ ತೆಗೆಯಲು ಲಟಲಟನೆ ಲಟಿಗೆ ಮುರಿದಳು. ಅವಳ ಹಿಂದೆ ಗೊಳಸಂಗಿಯ ಹೆಂಗಸರು ಮುರಿದರು. ಅವರ ಹಿಂದೆ ಹಲಸಂಗಿ, ಮೋರಟಗಿಯವರು. ಅಷ್ಟು ಬೆರಳುಗಳ ಲಟಿಗೆ ಒಟ್ಟಿಗೆ ಮುರಿದ ಸದ್ದನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

ಮೇಡಮ್ ನನ್ನ ಕಡೆ ತಿರುಗಿ ಹುಡುಗಿ ಏನು ಹೇಳಿದಳು ಎಂದು ಕೇಳಿದರು. ನಾನು ಮೊದಲು ಮಾತಿಗೆ ಮಾತು ಇಳಿಸಿದೆ. ಅವರ ಮುಖ ಇನ್ನೂ ಗೊಂದಲಕ್ಕೆ ಬಿತ್ತು. ಆಮೇಲೆ, ನನ್ನ ಬಾಯಿಪಾಠದ ಶಬ್ದಗಳೆಲ್ಲ ಕೈಬಿಟ್ಟ ಮೇಲೆ, ಉಳಿದ ಸಾದಾ ಇಂಗ್ಲಿಷಿನಲ್ಲಿ ಹೇಳಿದೆ: ಅಮ್ಮಾ, ಮುಂಜಾನೆಯ ಮಾತು, ಈಗಿನ ಮಾತು ಎರಡೂ ಒಂದೇ. ನಮ್ಮ ಕಡೆ ಜೀವವಾದವರನ್ನು ಮಂದಿಯ ಮುಂದೆ ಹೀಗೆಯೇ ಆಡುತ್ತೇವೆ, ದೃಷ್ಟಿಯಾಗಬಾರದೆಂದು. ಇದು ನನಗೆ ಮುಂಜಾನೆಯೂ ಗೊತ್ತಿತ್ತು. ನಾನು ಹೇಳಲಿಲ್ಲ. ನನ್ನ ಇಂಗ್ಲಿಷ್ ನಿಮಗೆ ತೋರಿಸುವ ಗಡಿಬಿಡಿಯಲ್ಲಿದ್ದೆ.

ಮುಂಬೈಯವರು ನಕ್ಕರು. ಮೇಡಮ್ ನಗಲಿಲ್ಲ. ಹಾಗಾದರೆ ಯಾರಿಗಾದರೂ ಒಬ್ಬರು ನಿಜವಾಗಿ ಬೇಡವಾಗಿದ್ದರೆ ಅದು ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಹಿಂದಿನಿಂದ ಕುಲಕರ್ಣಿ ಮಾಸ್ತರು ಎದ್ದು, ಅಂಥವರನ್ನು ಬಹಳ ಹೊಗಳಿ, ಹಾರ ಹಾಕಿ ಕಳಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಗ ನಕ್ಕರು ಮೇಡಮ್. ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡು, ಕೈಯಲ್ಲಿದ್ದ ಕಾಗದದ ಮೇಲೆ ಅಡ್ಡಗೆರೆ ಎಳೆದರು. ನಿಮ್ಮ ಕೆಲಸಗಳ್ಳಿಯನ್ನು ನೀವೇ ಇಟ್ಟುಕೊಳ್ಳಿ ಎಂದು ಆಕೆಗೆ ಹೇಳು ಎಂದರು. ಒಂದು ಹೊರಸು ಮಾಡಿಸಬೇಕು, ಹುಡುಗಿ ನೆಲದ ಮೇಲೆ ಮಲಗಬಾರದು, ಒಂದು ಪಾಯಖಾನೆ ಕಟ್ಟಿಸಬೇಕು ಎಂದೂ ಸೇರಿಸಿದರು. ನಾನು ಹೇಳಿದೆ. ದೊಡ್ಡವ್ವ ಮೂಗು ಒರೆಸಿಕೊಂಡು, ಇನ್ನೇನು ಮಾಡೂದ್ರಿ ಬಾಯಾರ, ಇಟ್ಕೋತೇನಿ ಎಂದಳು. ಇಡೀ ದಿನ ಬಾಯಿ ಬಿಡದ ದೊಡ್ಡಪ್ಪ ಮಾತ್ರ ನನ್ನ ಹತ್ತಿರ ಬಂದು, ಹೊರಸು ಎಷ್ಟು ಉದ್ದ ಬೇಕಾಗುತ್ತದೆ ಎಂದು ಮೆಲ್ಲಗೆ ವಿಚಾರಿಸಿದ.

ನಾನು ಮುಂದೆ ಮೂವತ್ತಮೂರು ವರ್ಷ ಇಂಗ್ಲಿಷ್ ಕಲಿಸಿದೆ. ಪ್ರತಿ ವರ್ಷ ಅನುವಾದದ ಪಾಠ ಬಂದಾಗ ಈ ಕಥೆ ಹೇಳಬೇಕೆನ್ನಿಸುತ್ತಿತ್ತು, ನಾಚಿಕೆಯಾಗಿ ಬಿಡುತ್ತಿದ್ದೆ. ಕರೆವ್ವ ನಾಲ್ಕು ತಿಂಗಳು ಗೊಳಸಂಗಿಯಲ್ಲಿದ್ದು ಹೋದಳು. ಹೋಗುವಾಗ ದೊಡ್ಡವ್ವ ಉಡಿ ತುಂಬಿ, ಮತ್ತೆ ಈ ಕಡೆ ಮುಖ ಹಾಕಬೇಡ ಎಂದು ಹೇಳಿ ಕಳಿಸಿದಳು. ಅದನ್ನು ಕೇಳಿ ಹೋದವಳು ಮೂರು ಸಲ ಬಂದಳು, ಮೂರನೆಯ ಸಲ ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ. ದೊಡ್ಡವ್ವ ಆ ಮಕ್ಕಳನ್ನೂ ಬಾಯಿತುಂಬ ಬೈದಳು. ಎಂಬತ್ತು ದಾಟಿ ತೀರಿಕೊಳ್ಳುವವರೆಗೆ ಅವಳು ಕರೆವ್ವನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

ಮೊನ್ನೆ ಕರೆವ್ವನ ಪತ್ರ ಬಂದಿದೆ. ಅವಳಿಗೂ ಈಗ ಎಪ್ಪತ್ತು ಹತ್ತಿರ ಬಂತು, ಬರುವ ಸೋಮವಾರ ಹೃದಯದ ಆಪರೇಶನ್ ಇದೆಯಂತೆ. ಇಲ್ಲಿ ಬರೆಯುತ್ತ ಕುಳಿತವನಿಗೆ ಈಗ ಎಚ್ಚರವಾಯಿತು ನೋಡಿ. ಇಷ್ಟು ಹೊತ್ತು ನಾನು ಮಾಡಿದ್ದೇನು? ನಾಲ್ಕು ಮಂದಿಯಲ್ಲ, ಓದುವವರೆಲ್ಲರ ಮುಂದೆ ಅವಳನ್ನು ಹೊಗಳಿದ್ದೇನೆ. ನಾನು ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಬರೆದದ್ದನ್ನು ಹೀಗೆಯೇ ಬಿಟ್ಟು ಎದ್ದು ಹೋಗಲು ನನ್ನಿಂದ ಆಗುತ್ತಿಲ್ಲ. ಆದ್ದರಿಂದ ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ: ಆ ಕರೆವ್ವ ಅಂಥ ಹೇಳಿಕೊಳ್ಳುವ ಹೆಣ್ಣುಮಗಳೇನಲ್ಲ. ಸೋಮಾರಿ. ಪತ್ರಕ್ಕೆ ಆರು ತಿಂಗಳಿಗೊಮ್ಮೆ ಉತ್ತರ ಬರೆಯುತ್ತಾಳೆ, ಅಕ್ಷರವೂ ಕೆಟ್ಟದ್ದು. ಐವತ್ತು ವರ್ಷವಾದರೂ ಕನ್ನಡ ನೆಟ್ಟಗೆ ಬಂದಿಲ್ಲ. ಅವಳು ಇದ್ದರೆಷ್ಟು, ಬಿಟ್ಟರೆಷ್ಟು. ನನಗಂತೂ ಅವಳು ಸಾಕಾಗಿ ಹೋಗಿದ್ದಾಳೆ.